ಮೌಸ್ ಸರಿಸಬಲ್ಲವರಿಗೆ, ಒತ್ತಲಾರದವರಿಗೆ: ಕ್ಲಿಕ್ ಇಲ್ಲದ ಕಂಪ್ಯೂಟರ್ ಹೊಂದಿಸುವ ಬಗೆ

ಲಕ್ವಾ ಹೊಡೆದವರು, ಸೆರೆಬ್ರಲ್ ಪಾಲ್ಸಿ ಅಥವಾ ಪಾರ್ಕಿನ್ಸನ್ ಇರುವವರು ಎಷ್ಟೋ ಸಲ ಮೌಸನ್ನು ಸರಿಸಬಲ್ಲರು, ಒತ್ತಲಾರರು. ಒತ್ತಲು ಬೆರಳು ಬಿಗಿ ಮಾಡಿದಾಗ ಇಡೀ ಕೈ ಅಲುಗುತ್ತದೆ, ತೆರೆಯ ಮೇಲಿನ ಮೌಸ್ ಬಾಣ ಪಕ್ಕಕ್ಕೆ ಜಾರುತ್ತದೆ. ಬಾಣ ಒಂದೆಡೆ ಸ್ವಲ್ಪ ಹೊತ್ತು ನಿಂತರೆ ಕಂಪ್ಯೂಟರೇ ಕ್ಲಿಕ್ ಮಾಡುವ ಸೌಲಭ್ಯ ಇಂಥವರಿಗಾಗಿಯೇ ಇದೆ.

ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಉಬುಂಟುವಿನಲ್ಲಿ ಇದು ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಪಾಯಿಂಟಿಂಗ್ ಅಂಡ್ ಕ್ಲಿಕಿಂಗ್ ತೆರೆದು ‘ಹೋವರ್ ಕ್ಲಿಕ್’ ಆನ್ ಮಾಡಿ. ಆಂಡ್ರಾಯ್ಡ್ ಫೋನಿಗೆ ಓಟಿಜಿ ಕೇಬಲ್‌ನಿಂದ ಮೌಸ್ ಜೋಡಿಸಿದರೆ ಆಕ್ಸೆಸಿಬಿಲಿಟಿಯಲ್ಲಿ ಆಟೊಕ್ಲಿಕ್ ಸಿಗುತ್ತದೆ. ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡಿನಲ್ಲಿ ‘ಹೋವರ್ ಓವರ್ ಕೀಸ್’ ಇದೆಯಾದರೂ ಅದು ಆ ಕೀಲಿಗಳಿಗಷ್ಟೇ ಸೀಮಿತ.

ಉಬುಂಟುವಿನಲ್ಲಿ ಎರಡು ಹೊಂದಾಣಿಕೆಗಳಿವೆ: ಬಾಣ ಎಷ್ಟು ಹೊತ್ತು ನಿಲ್ಲಬೇಕು (ಮೂಲತಃ 1.2 ಸೆಕೆಂಡ್), ಎಷ್ಟು ಅಲುಗಿದರೂ ನಿಂತಂತೆ ಲೆಕ್ಕ (ಮೂಲತಃ 10 ಪಿಕ್ಸೆಲ್, ಅಂದರೆ ತೆರೆಯ ಮೇಲಿನ ಚುಕ್ಕಿ). ಹೆಚ್ಚಿನವರು ಎಡವುವುದು ಇಲ್ಲಿಯೇ. ಕೈ ನಡುಗುವವರಿಗೆ ಸಮಯ ಹೆಚ್ಚಿಸಿದರೆ ಕಷ್ಟ ಇನ್ನೂ ಹೆಚ್ಚುತ್ತದೆ. ಪ್ರತಿ ನಡುಕಕ್ಕೂ ಎಣಿಕೆ ಮೊದಲಿನಿಂದ ಶುರುವಾಗಿ ಕ್ಲಿಕ್ ಆಗುವುದೇ ಇಲ್ಲ. ಅವರಿಗೆ ಹೆಚ್ಚಿಸಬೇಕಾದದ್ದು ಅಲುಗಾಟದ ಮಿತಿ. ನಡುಕವಿಲ್ಲ, ಆದರೆ ಗುರಿ ತಲುಪುವುದು ನಿಧಾನ ಎನ್ನುವವರಿಗೆ ಸಮಯ ಹೆಚ್ಚಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಸಮಯ ತೀರ ಉದ್ದವಾದರೆ, ತೆರೆಯ ಮೇಲಿನ ಕೀಬೋರ್ಡಿನಲ್ಲಿ ಒಂದೊಂದೇ ಕೀಲಿಯ ಮೇಲೆ ಬಾಣ ನಿಲ್ಲಿಸಿ ಟೈಪ್ ಮಾಡುವುದು ದಣಿಸುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ‘ಬಾಗಲಕೋಟೆ’ ಬರೆಯಲು 8 ಕೀಲಿ ಬೇಕು. 1.2 ಸೆಕೆಂಡಿನಂತೆ ಬರೀ ಕಾಯುವುದಕ್ಕೇ 9.6 ಸೆಕೆಂಡ್, 0.8ಕ್ಕೆ ಇಳಿಸಿದರೆ 6.4. ಹಾಗಾಗಿ ಕೈ ಪಳಗಿದಂತೆ ಸಮಯವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ.

ಬೇಡದ ಕಡೆ ಕ್ಲಿಕ್ ಆಗದಂತೆ ತಡೆಯುವುದು ಇದಕ್ಕಿಂತ ಮುಖ್ಯ. ಓದುತ್ತ ಬಾಣವನ್ನು ಕೊಂಡಿಯ ಮೇಲೆ ಬಿಟ್ಟರೆ ಪುಟವೇ ಬದಲಾಗಿಬಿಡುತ್ತದೆ. ತೆರೆಯ ಒಂದು ಅಂಚಿನಲ್ಲಿ ಏನೂ ಇಲ್ಲದ ಜಾಗ ಉಳಿಸಿ, ಬಾಣವನ್ನು ಅಲ್ಲಿಗೆ ಒಯ್ದು ಬಿಡುವುದನ್ನು ಮೊದಲ ದಿನವೇ ರೂಢಿ ಮಾಡಿಸಿ.

ನೀವೇ ಜಾಲತಾಣ ಅಥವಾ ಅರ್ಜಿ ನಮೂನೆ ರೂಪಿಸುವವರಾದರೆ, ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲು ರೂಪಿಸಿದ ಮಾನದಂಡವಾದ 2023ರ ಡಬ್ಲ್ಯೂಸಿಎಜಿ 2.2 ಕೇಳುವ ಗುಂಡಿಯ ಕನಿಷ್ಠ ಗಾತ್ರ 24×24 ಪಿಕ್ಸೆಲ್, ಮೇಲಿನ ಹಂತಕ್ಕೆ 44×44. ನಡುಗುವ ಕೈಗೆ 44 ಕೂಡ ಚಿಕ್ಕದೇ; 80ರ ಆಸುಪಾಸು ಕೊಡಿ, ಗುಂಡಿಗಳ ನಡುವೆ ಅಲುಗಾಟದ ಮಿತಿಗಿಂತ ಹೆಚ್ಚು ತೆರಪು ಬಿಡಿ. ನಿಂತ ಹೊತ್ತನ್ನು ಎಣಿಸಿ ಕ್ಲಿಕ್ ಮಾಡುವ ಕೆಲಸವನ್ನು ನಿಮ್ಮ ಪುಟವೇ ಮಾಡುವುದಾದರೆ, ಬಾಣ ಒಳಗೆ ಬಂದ ಮೇಲೆ ಗುಂಡಿಯ ಸರಹದ್ದು ಸುತ್ತಲೂ ಒಂದಿಷ್ಟು ಹಿಗ್ಗಲಿ, ಆಗ ಅಂಚಿನಲ್ಲಿ ನಡುಗಿದರೂ ಎಣಿಕೆ ಮುರಿಯುವುದಿಲ್ಲ. ಎಣಿಕೆ ಸಾಗುತ್ತಿರುವುದು ಕಣ್ಣಿಗೆ ಕಾಣಬೇಕು, ಬಾಣ ಹೊರಗೆ ಹೋದರೆ ರದ್ದಾಗಬೇಕು. ಒಮ್ಮೆ ಕ್ಲಿಕ್ ಆದ ಗುಂಡಿ ಬಾಣ ಹೊರಗೆ ಹೋಗಿ ಮರಳುವವರೆಗೆ ಮತ್ತೆ ಕ್ಲಿಕ್ ಆಗಬಾರದು; ಈ ಷರತ್ತು ಮರೆತರೆ ಒಂದೇ ಅರ್ಜಿ ಎರಡು ಸಲ ಹೋಗುತ್ತದೆ.

ಹೆಸ್ಕಾಂ ಬಿಲ್ ಕಟ್ಟುವಂಥ ಕೆಲಸದಲ್ಲಿ ‘ಖಚಿತವೇ?’ ಎಂದು ಕೇಳಲೇಬೇಕು. ಆದರೆ ‘ಹೌದು’ ಗುಂಡಿ ಬಾಣದ ಕೆಳಗೇ ಮೂಡಿದರೆ ಅದೂ ತಾನಾಗಿ ಒತ್ತಿಹೋಗುತ್ತದೆ. ಅದನ್ನು ದೂರದಲ್ಲಿಡಿ.

ಎಳೆದು ಬಿಡುವ ಕೆಲಸವೂ ಒಂದು ತೊಡಕು. ಬನಹಟ್ಟಿಯಲ್ಲಿ ಸೀರೆಯ ಅಂಚನ್ನು ಕಂಪ್ಯೂಟರಿನಲ್ಲಿ ಬಿಡಿಸುವವರಿಗೆ ಇದು ತಪ್ಪದು. ಉಬುಂಟುವಿನ ಹೋವರ್ ಕ್ಲಿಕ್ಕಿನಲ್ಲಿ ಕ್ಲಿಕ್ಕಿನ ಬಗೆಯನ್ನು ‘ಡ್ರ್ಯಾಗ್’ ಎಂದು ಆರಿಸಿದರೆ ಮೊದಲ ನಿಲುಗಡೆ ಹಿಡಿಯುತ್ತದೆ, ಎರಡನೆಯದು ಬಿಡುತ್ತದೆ. ಆಮೇಲೆ ತಾನಾಗಿ ಸಾದಾ ಕ್ಲಿಕ್ಕಿಗೆ ಮರಳುತ್ತದೆ, ಆದ್ದರಿಂದ ಪ್ರತಿ ಸಲವೂ ಮತ್ತೆ ಆರಿಸಬೇಕು. ಪುಟ ನಿಮ್ಮದೇ ಆಗಿದ್ದರೆ ಎಳೆಯುವ ಬದಲು ‘ಇದನ್ನು ಆರಿಸು, ಅಲ್ಲಿಡು’ ಎಂಬ ಎರಡು ಗುಂಡಿ ಕೊಡಿ.

ಕೈಯೇ ಆಡದವರಿಗೆ ಇವಿಯಾಕ್ಯಾಮ್ ಎಂಬ ಉಚಿತ ತಂತ್ರಾಂಶ ವೆಬ್‌ಕ್ಯಾಮಿನಿಂದ ತಲೆಯ ಚಲನೆ ಹಿಡಿದು ಬಾಣ ನಡೆಸುತ್ತದೆ, ನಿಂತಾಗ ಕ್ಲಿಕ್ಕನ್ನೂ ಮಾಡುತ್ತದೆ. ಬೆನ್ನ ಹಿಂದೆ ಕಿಟಕಿ ಬೇಡ. ವಿಜಯಪುರದ ಮಧ್ಯಾಹ್ನದ ಬಿಸಿಲು ಹಿಂದಿನಿಂದ ಬಿದ್ದರೆ ಮುಖ ಕಪ್ಪಾಗಿ ಬಾಣ ಅಲೆಯುತ್ತದೆ. ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿ. ಹೊಂದಾಣಿಕೆಯನ್ನು ಬೆಳಗ್ಗೆ ಒಮ್ಮೆ, ದಣಿದ ಸಂಜೆ ಒಮ್ಮೆ ಪರೀಕ್ಷಿಸಿ, ಸಂಜೆಗೆ ಒಗ್ಗಿದ ಅಂಕಿಯನ್ನೇ ಉಳಿಸಿಕೊಳ್ಳಿ.