ಬ್ಲಾಗ್ ಬ್ಯಾಕಪ್ ಫೈಲ್ ತೆರೆಯೋದು ಹೇಗೆ, ಕನ್ನಡ ಕೆಡದ ಹಾಗೆ

ನಮ್ಮ ಸೋದರತ್ತೆ 2008ರಿಂದ ಬ್ಲಾಗ್ ಬರೀತಿದ್ರು. ಅಡುಗೆ, ತವರಿನ ನೆನಪು, ಒಂದಷ್ಟು ಕವನ. ಅವರ ಮಗ ಬ್ಯಾಕಪ್ ಇಳಿಸ್ಕೊಂಡು ಹಳೇ ಕಂಪ್ಯೂಟರಿನ ಎಡಿಟರಿಗೆ ಪೇಸ್ಟ್ ಮಾಡಿ, ಅದು ಕೊಟ್ಟ ಎಚ್ಚರಿಕೆನ ಓದದೆ ಓಕೆ ಒತ್ತಿ ಸೇವ್ ಮಾಡಿದ, ಮಾರನೇ ದಿನ ತೆರೆದ್ರೆ ಒಂದು ಕನ್ನಡ ಅಕ್ಷರ ಇಲ್ಲ, ಸಾಲುಸಾಲು ಪ್ರಶ್ನೆಚಿಹ್ನೆ. ಬ್ಲಾಗ್ ಇನ್ನೂ ನೆಟ್ಟಲ್ಲಿತ್ತು, ಮತ್ತೆ ಇಳಿಸ್ಕೊಂಡ್ವಿ. ಇಲ್ದಿದ್ರೆ ಅಷ್ಟೂ ಬರಹ ಹೋಗ್ತಿತ್ತು.

ಗೂಗಲಿನ ಬ್ಲಾಗರ್ ಸೇವೆ ಕೊಡೋ ಬ್ಯಾಕಪ್ ಆಟಮ್ ಅನ್ನೋ ಫೀಡ್ ಫೈಲು. 2005ರಲ್ಲಿ ಸ್ಟ್ಯಾಂಡರ್ಡ್ ಆದ ಫಾರ್ಮ್ಯಾಟ್ ಅದು, ಒಳಗಿರೋದು ಬರೀ ಟೆಕ್ಸ್ಟು ಮತ್ತು ಟ್ಯಾಗು, ಅಂದ್ರೆ ಯಾವ ಭಾಗ ಏನು ಅಂತ ಹೇಳೋ ಗುರುತು.

ಮೊದಲು ಫೈಲಿನ ಕಾಪಿ ಮಾಡಿ, ಮೂಲವನ್ನ ಮುಟ್ಟಬೇಡಿ. ಆಮೇಲೆ ಕಾಪಿಯನ್ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೀರಿ. ಫ್ರೀ ಸಾಫ್ಟ್‌ವೇರು. ಎಕ್ಸೆಲ್ ಬೇಡವೇ ಬೇಡ, ಅದರ ಒಂದು ಸೆಲ್ಲಿಗೆ 32,767 ಅಕ್ಷರ ಮಾತ್ರ ಹಿಡಿಸೋದು, ಉದ್ದದ ಬರಹ ತುಂಡಾಗುತ್ತೆ.

ಎಲ್ಲರೂ ಎಡವೋದು ಇಲ್ಲೇ. ಕನ್ನಡದ ಬದಲು, ತಲೆ ಮೇಲೆ ಓರೆಗೆರೆ ಇರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2 ಅಥವಾ 3, ಮತ್ತೊಂದು ಏನೋ ಚಿಹ್ನೆ, ಹೀಗೇ ಪುಟಗಟ್ಟಲೆ ಕಂಡ್ರೆ ಗಾಬರಿ ಬೇಡ, ನಿಮ್ಮ ಬರಹ ಹಾಳಾಗಿಲ್ಲ. ಯುಟಿಎಫ್-8 ಅನ್ನೋದು ಅಕ್ಷರಗಳನ್ನ ಫೈಲಿನಲ್ಲಿ ಬರೆದಿಡೋ ಪದ್ಧತಿ, ಅದರಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು, ಎಡಿಟರ್ ಅದನ್ನ ಮೂರು ಬೇರೆ ಅಕ್ಷರ ಅಂತ ಓದ್ತಿದೆ, ಅಷ್ಟೇ. ಇದನ್ನ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟು ಅಂದ್ಕೊಂಡು ಯುನಿಕೋಡ್ ಪರಿವರ್ತಕಕ್ಕೆ ಹಾಕೋರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಎನ್‌ಕೋಡಿಂಗ್ ಮೆನುವಿನ ಮೇಲಿನ ಪಟ್ಟಿಯಲ್ಲಿ ಯುಟಿಎಫ್-8 ಆರಿಸಿ, ಕನ್ನಡ ವಾಪಸ್ ಬರುತ್ತೆ. ಅದೇ ಮೆನುವಿನ ಕೆಳಗಡೆ ಕನ್ವರ್ಟ್ ಅಂತ ಶುರುವಾಗೋ ಇನ್ನೊಂದು ಪಟ್ಟಿ ಇದೆ, ಅದನ್ನ ಒತ್ತಬೇಡಿ, ಒತ್ತಿ ಸೇವ್ ಮಾಡಿದ್ರೆ ಆ ಕಸವೇ ಫೈಲಿನಲ್ಲಿ ಖಾಯಂ ಆಗುತ್ತೆ. ಕನ್ನಡ ಕಣ್ಣಿಗೆ ಕಾಣೋವರೆಗೂ ಸೇವ್ ಮಾಡಕೂಡದು.

ಈಗ ಇದನ್ನ ಬ್ರೌಸರಲ್ಲಿ ಓದೋ ಹಾಗೆ ಮಾಡೋಕೆ ಫೈಂಡ್ ಅಂಡ್ ರಿಪ್ಲೇಸ್. ಮೊದಲು ಟೈಟಲ್ ಟ್ಯಾಗನ್ನ, ಶುರುವಿನದ್ದು ಮುಗಿಯೋದು ಎರಡನ್ನೂ, ಎಚ್2 (ಬ್ರೌಸರಲ್ಲಿ ಶೀರ್ಷಿಕೆ ತೋರಿಸೋ ಟ್ಯಾಗು) ಮಾಡಿ, ಇಲ್ಲಾಂದ್ರೆ ಬ್ರೌಸರಲ್ಲಿ ಶೀರ್ಷಿಕೆಗಳೇ ಕಾಣಲ್ಲ. ಬರಹದ ಒಳಗಿನ ಟ್ಯಾಗುಗಳ ಬ್ರ್ಯಾಕೆಟ್ ಬದಲು & ಚಿಹ್ನೆ, ಇಂಗ್ಲಿಷಿನ ಎಲ್ ಟಿ ಅಥವಾ ಜಿ ಟಿ, ಕೊನೆಗೊಂದು ; ಇರುತ್ತೆ. ಎಲ್ ಟಿ ಇರೋದನ್ನ < ಮಾಡಿ, ಜಿ ಟಿ ಇರೋದನ್ನ > ಮಾಡಿ, & ಮುಂದೆ ಎ ಎಂ ಪಿ ಇರೋದನ್ನ & ಮಾಡೋದು ಎಲ್ಲಕ್ಕಿಂತ ಕೊನೆಗೆ. ಅದನ್ನೇ ಮೊದಲು ಮಾಡಿದ್ರೆ, ನೀವು ಬರಹದಲ್ಲೇ ಬರೆದಿದ್ದ < ಚಿಹ್ನೆ ಕೂಡ ಟ್ಯಾಗ್ ಆಗಿ ಅದರ ಮುಂದಿನ ಮಾತು ಮಾಯ ಆಗುತ್ತೆ.

ಮೇಲಿನ ಪಟ್ಟಿಯಲ್ಲೇ ಯುಟಿಎಫ್-8-ಬಾಮ್ ಆರಿಸಿ (ಇದು ಯುಟಿಎಫ್-8 ಫೈಲು ಅಂತ ಬ್ರೌಸರಿಗೆ ಹೇಳೋ ಗುರುತು ಫೈಲಿನ ಶುರುವಿಗೆ ಸೇರುತ್ತೆ), ಎಚ್‌ಟಿಎಂಎಲ್ ಅಂತ ಸೇವ್ ಮಾಡಿ, ಬ್ರೌಸರಲ್ಲಿ ತೆರೀರಿ.

ಇಷ್ಟೆಲ್ಲಾ ಯಾಕೆ, ಅಪ್‌ಲೋಡ್ ಮಾಡಿದ್ರೆ ಕನ್ವರ್ಟ್ ಮಾಡಿಕೊಡೋ ಸೈಟುಗಳಿವೆಯಲ್ಲ ಅಂತೀರಾ? ಬ್ಯಾಕಪ್ಪಲ್ಲಿ ನಿಮ್ಮ ಡ್ರಾಫ್ಟು, ಕಾಮೆಂಟ್ ಹಾಕಿದವರ ಹೆಸರು ಎಲ್ಲಾ ಇರುತ್ತೆ. ಗೊತ್ತಿಲ್ಲದ ಸೈಟಿಗೆ ಅದನ್ನ ಕೊಡೋದು ಸರಿಯಲ್ಲ.

ಬ್ರೌಸರಲ್ಲಿ ಕಂಟ್ರೋಲ್ ಪಿ ಒತ್ತಿ ಪಿಡಿಎಫ್ ಆಗಿ ಸೇವ್ ಮಾಡ್ಬಹುದು, ಪ್ರಿಂಟಿಗೆ ಸಾಕು. ಆದ್ರೆ ಪಿಡಿಎಫ್ ಒಂದನ್ನೇ ನಂಬ್ಕೋಬೇಡಿ, ಅದರಿಂದ ಕನ್ನಡ ಕಾಪಿ ಮಾಡಿದ್ರೆ ಒತ್ತಕ್ಷರ ಎಷ್ಟೋ ಸಲ ಚೆಲ್ಲಾಪಿಲ್ಲಿ. ನಾನಂತೂ ಇ-ಪುಸ್ತಕ ಮಾಡೋ ಸಾಫ್ಟ್‌ವೇರ್ ಕ್ಯಾಲಿಬರ್‌ನಲ್ಲಿ ಇಪಬ್ ಅನ್ನೋ ಇ-ಪುಸ್ತಕದ ಫೈಲ್ ಮಾಡ್ತೀನಿ, ಅತ್ತೆ ಟ್ಯಾಬಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು ಓದ್ತಾರೆ.

ಹಾಂ, ಫೋಟೋಗಳು. ಆಟಮ್ ಫೈಲಿನೊಳಗೆ ಫೋಟೋ ಇರಲ್ಲ, ಲಿಂಕ್ ಮಾತ್ರ. ಇಪಬ್ ಮಾಡೋ ಮುಂಚೆ, ನೆಟ್ ಇರುವಾಗ ಬ್ರೌಸರಲ್ಲಿ ಆ ಪೇಜನ್ನ ಕಂಪ್ಲೀಟ್ ಅಂತ ಸೇವ್ ಮಾಡಿ, ಪಕ್ಕದ ಫೋಲ್ಡರಿಗೆ ಅವೂ ಬಂದಿವೆಯಾ ತೆಗೆದು ನೋಡಿ. ನೋಡದೆ ಬ್ಲಾಗ್ ಡಿಲೀಟ್ ಮಾಡ್ಬೇಡಿ.