ಅಮೆರಿಕದ ಹಾಸ್ಯ ಪುಸ್ತಕಗಳಿಂದ ನಾನು ಚಿತ್ರ ಬರೆಯಲು ಕಲಿತದ್ದು

ಕ್ಯಾರಿಕೇಚರ್, ಅಂದರೆ ಒಬ್ಬರ ಚಹರೆಯನ್ನು ಹಿಗ್ಗಿಸಿ ತೋರಿಸುವ ವ್ಯಂಗ್ಯಚಿತ್ರ, ಬರೆಯಲು ನನಗೆ ಮೇಷ್ಟ್ರು ಅಂತ ಯಾರೂ ಇರಲಿಲ್ಲ. ಅಮೆರಿಕದ ಹಾಸ್ಯ ಪುಸ್ತಕಗಳನ್ನು ಮುಂದಿಟ್ಟುಕೊಂಡು, ನಿಬ್ ಪೆನ್ನಿನಲ್ಲಿ ನಕಲು ಮಾಡುತ್ತಾ ಕಲಿತೆ. ಸುಮ್ನೆ ಓದಿ ನಕ್ಕು ಪಕ್ಕಕ್ಕಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಅದೇ ಗೆರೆಯನ್ನು ನಾವೂ ಎಳೆದು ನೋಡಿದಾಗ ನಗು ಎಲ್ಲಿ ಹುಟ್ಟಿತು ಅನ್ನುವುದು ತಿಳಿಯುತ್ತದೆ.

ಶುರು ಮಾಡಿದ್ದು ಹತ್ತೊಂಬತ್ತನೇ ಶತಮಾನದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್‌ನಿಂದ. ನ್ಯೂಯಾರ್ಕ್ ನಗರದ ಖಜಾನೆಯನ್ನು ಬಾಸ್ ಟ್ವೀಡ್ ಎಂಬ ರಾಜಕಾರಣಿ ಮತ್ತು ಅವನ ಗುಂಪು ದೋಚುತ್ತಿದ್ದ ಕಾಲ ಅದು. 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯಲ್ಲಿ ನಾಸ್ಟ್ ವಾರವಾರವೂ ಅವರ ಬೆನ್ನು ಹತ್ತಿದ. 1871ರ ಒಂದು ಚಿತ್ರ ನನ್ನ ಮೇಜಿನ ಮೇಲೆ ಬಹಳ ಕಾಲ ಇತ್ತು. ಕೋಟು ತೊಟ್ಟ ದಪ್ಪ ಮೈ, ಉಬ್ಬಿದ ಹೊಟ್ಟೆ, ಅಂಗಿಯ ಮೇಲೆ ವಜ್ರದ ಪಿನ್ನು. ತಲೆಯ ಜಾಗದಲ್ಲಿ ದುಡ್ಡಿನ ಚೀಲ. ಡಾಲರ್ ಗುರುತೇ ಮುಖ. ಮುಖವೇ ಇಲ್ಲದಿದ್ದರೂ ಅದು ಟ್ವೀಡ್ ಅಂತ ಊರಿಗೆಲ್ಲ ಗೊತ್ತಾಯಿತು. ಯಾಕೆಂದರೆ ಅಂಥ ವಜ್ರವನ್ನು ಅವನು ನಿಜವಾಗಿಯೂ ಧರಿಸುತ್ತಿದ್ದ. ನಾನು ಪಿನ್ನು ಬಿಟ್ಟು ಒಮ್ಮೆ, ಪಿನ್ನು ಸೇರಿಸಿ ಒಮ್ಮೆ ಬರೆದು ನೋಡಿದೆ. ಪಿನ್ನು ಇಲ್ಲದಿದ್ದರೆ ಯಾರೋ ಒಬ್ಬ ಸಾಹುಕಾರ. ಪಿನ್ನು ಬಂದ ಕೂಡಲೇ ಟ್ವೀಡ್. ತಲೆಯನ್ನು ಚೀಲ ಮಾಡುವ ಧೈರ್ಯ ನಾಸ್ಟ್‌ಗೆ ಬಂದದ್ದೇ ಆ ಪಿನ್ನಿನಿಂದ ಅಂತ ನನಗನ್ನಿಸುತ್ತದೆ. ಎಷ್ಟು ಬೇಕಾದರೂ ಹಿಗ್ಗಿಸಿ, ಆದರೆ ಒಂದು ವಿವರವಾದರೂ ಅಪ್ಪಟ ನಿಜ ಇರಬೇಕು. ಮುಂದೆ ಓದಿದ್ದರಲ್ಲೆಲ್ಲ ನಾನು ಹುಡುಕಿದ್ದು ಇದನ್ನೇ.

ಟ್ವೀಡ್ ಕೊನೆಗೆ ಸೆರೆಯಿಂದ ತಪ್ಪಿಸಿಕೊಂಡು ಸ್ಪೇನ್‌ಗೆ ಓಡಿದ. 1876ರಲ್ಲಿ ಅಲ್ಲಿನವರು ಅವನ ಗುರುತು ಹಿಡಿದದ್ದು ನಾಸ್ಟ್‌ನ ಚಿತ್ರ ನೋಡಿ! ವ್ಯಂಗ್ಯಚಿತ್ರದಲ್ಲಿ ಹೋಲಿಕೆ ಮುಖ್ಯವಲ್ಲ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಆಲ್ ಹರ್ಷ್‌ಫೆಲ್ಡ್ ಹತ್ತಿರ ಕಲಿತದ್ದು ಗೆರೆ ಉಳಿಸುವುದನ್ನು. ಬ್ರಾಡ್‌ವೇ ನಾಟಕಗಳ ಕತ್ತಲಲ್ಲೇ ಕೂತು ಗುರುತು ಹಾಕಿಕೊಳ್ಳುತ್ತಿದ್ದ ಕಲಾವಿದ ಅವರು. ನೆರಳು ಇಲ್ಲ, ಬಣ್ಣ ಇಲ್ಲ, ಬರೀ ಗೆರೆ. ಮಗಳು ನೀನಾಳ ಹೆಸರನ್ನು ಕೂದಲಲ್ಲೋ ತೋಳಿನ ಮಡಿಕೆಯಲ್ಲೋ ಬಚ್ಚಿಡುತ್ತಿದ್ದರು. ಅದನ್ನು ಹುಡುಕುವ ನೆಪದಲ್ಲಿ ನಾನು ಪ್ರತಿ ಗೆರೆಯನ್ನೂ ಕಣ್ಣಿಟ್ಟು ನೋಡಿದೆ.

ಆದರೆ ನನ್ನನ್ನು ಜಾಸ್ತಿ ಬದಲಿಸಿದವರು ಹಾಸ್ಯ ಬರಹಗಾರ, ಚಿತ್ರಕಾರ ಜೇಮ್ಸ್ ಥರ್ಬರ್. ಒಹಾಯೋದ ಕೊಲಂಬಸ್‌ನಲ್ಲಿ ಕಳೆದ ಬಾಲ್ಯದ ನೆನಪುಗಳನ್ನು ಅವರು 1933ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ರಾತ್ರಿ ಮಂಚ ಬಿದ್ದ ಪ್ರಸಂಗ ಒಂದಿದೆ. ಅಪ್ಪ ಅಟ್ಟದಲ್ಲಿ ಮಲಗಲು ಹೋಗುತ್ತಾರೆ. ಅಲ್ಲಿನ ಹಳೇ ಮಂಚ ಬೀಳುತ್ತದೆ ಅಂತ ಅಮ್ಮನಿಗೆ ಭಯ. ನಡುರಾತ್ರಿ ಬೀಳುವುದು ಕೆಳಗಿನ ಒಂದು ಕೋಣೆಯಲ್ಲಿ ಕಥೆ ಹೇಳುವ ಮಗ ಮಲಗಿದ್ದ ಮಡಚುವ ಮಂಚ. ಅಮ್ಮ ಅಟ್ಟದ ಮಂಚವೇ ಬಿತ್ತು ಅಂದುಕೊಂಡು ಕಿರುಚುತ್ತಾರೆ. ನಿದ್ದೆಯಲ್ಲಿ ಉಸಿರು ನಿಂತುಬಿಡುತ್ತದೆಂದು ಹೆದರುವ ಬ್ರಿಗ್ಸ್ ಎಂಬ ನೆಂಟ, ಪಕ್ಕದಲ್ಲಿಟ್ಟುಕೊಂಡಿದ್ದ ಕರ್ಪೂರದ ದ್ರಾವಣವನ್ನು ತನ್ನ ಮೇಲೇ ಸುರಿದುಕೊಳ್ಳುತ್ತಾನೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾನು ಮನೆಯ ನಕ್ಷೆಯನ್ನೇ ಬರೆದೆ. ಅಟ್ಟದ ಕೆಳಗಿನ ಕೋಣೆಯಲ್ಲಿ ಅಮ್ಮ ಮತ್ತು ಸಹೋದರ ಹರ್ಮನ್, ಪಕ್ಕದ್ದರಲ್ಲಿ ಬ್ರಿಗ್ಸ್ ಮತ್ತು ಕಥೆ ಹೇಳುವವನು, ಎದುರಿಗೆ ಇನ್ನೊಬ್ಬ ಸಹೋದರ ರಾಯ್, ನಡುವೆ ಓಡಾಡುವ ಜಾಗದಲ್ಲಿ ನಾಯಿ. ಎಲ್ಲವೂ ಸರಿಯಾಗಿ ಕೂತಿತು. ಯಾರು ಎಲ್ಲಿ ಮಲಗಿದ್ದರು ಅಂತ ಥರ್ಬರ್ ಮೊದಲೇ ಶಾಂತವಾಗಿ ಹೇಳಿಬಿಟ್ಟಿದ್ದಾರೆ. ಹಾಗಾಗಿ ಮುಂದಿನ ಗಲಾಟೆಯನ್ನು ನಾವು ಅನುಮಾನವಿಲ್ಲದೆ ನಂಬುತ್ತೇವೆ. ನಾಸ್ಟ್‌ನ ವಜ್ರದ ಪಿನ್ನಿನ ಕೆಲಸವನ್ನು ಇಲ್ಲಿ ಮಲಗುವ ಕೋಣೆಗಳು ಮಾಡುತ್ತವೆ.

ಅಂದಿನಿಂದ ನಮ್ಮ ಮನೆಯವರ ಬಗ್ಗೆ ಬರೆಯುವಾಗ ನಾನು ಮೊದಲು ನಕ್ಷೆ ಹಾಕುತ್ತೇನೆ. ನಮ್ಮ ದೊಡ್ಡಪ್ಪನಿಗೆ ಗ್ಯಾಸ್ ಸಿಲಿಂಡರಿನ ಭಯ. ರಾತ್ರಿ ಎದ್ದೆದ್ದು "ಲೇ, ರೆಗ್ಯುಲೇಟರ್ ಆಫ್ ಮಾಡಿದೀಯೇನೇ?" ಅಂತ ದೊಡ್ಡಮ್ಮನನ್ನು ಕೇಳುವರು. ಮದುವೆಗೆ ಬಂದ ನೆಂಟರು ನಡುಮನೆ ತುಂಬಾ ಮಲಗಿದ್ದ ರಾತ್ರಿಯೂ ಬಿಡಲಿಲ್ಲ. ಪಡಸಾಲೆಯಿಂದ ಅಡುಗೆಮನೆವರೆಗೆ ಯಾರ ಚಾಪೆ ಎಲ್ಲಿತ್ತು, ಸ್ವಿಚ್ ಯಾವ ಗೋಡೆಯಲ್ಲಿತ್ತು ಅಂತ ಬರೆದುಕೊಂಡೆ. ಅಷ್ಟಾದ ಮೇಲೆ ದೊಡ್ಡಪ್ಪನ ಮೂಗನ್ನು ಎಷ್ಟು ಉದ್ದ ಎಳೆದರೂ ಮನೆಯವರೆಲ್ಲ ಅವರನ್ನು ಗುರುತಿಸಿದರು.

ಮನೆಯವರನ್ನೇ ಬರೆಯುವಾಗ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ವ್ಯಂಗ್ಯಚಿತ್ರಕಾರ್ತಿ ರಾಝ್ ಚಾಸ್ಟ್ ತೋರಿಸಿಕೊಟ್ಟರು. ವಯಸ್ಸಾದ ಅಪ್ಪ-ಅಮ್ಮನ ಕೊನೆಯ ವರ್ಷಗಳ ಬಗ್ಗೆ ಅವರು 2014ರಲ್ಲಿ ತಂದ ಚಿತ್ರಪುಸ್ತಕದ ತುಂಬಾ ನಡುಗುವ ಗೆರೆ, ಗಾಬರಿ, ಕಿರುಚಾಟ. ಮಧ್ಯದಲ್ಲಿ ಬ್ರೂಕ್ಲಿನ್ ಮನೆಯಲ್ಲಿ ಕೂಡಿಟ್ಟಿದ್ದ ಹಳೇ ಸಾಮಾನುಗಳ ಫೋಟೋಗಳಿವೆ. ಕೊನೆಗೆ, ಸಾಯುತ್ತಿರುವ ಅಮ್ಮನನ್ನು ಬರೆಯುವಾಗ ತಮಾಷೆಯ ಗೆರೆಯನ್ನು ಪೂರ್ತಿ ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ. ಆ ಪುಟಗಳನ್ನು ಮಾತ್ರ ನಾನು ನಕಲು ಮಾಡಲಿಲ್ಲ. ಮಾಡಬಾರದು ಅನ್ನಿಸಿತು.

ಈ ಕೆಲಸಕ್ಕೆ ಇಳಿಯುವವರು ನಾಸ್ಟ್‌ನಿಂದಲೇ ಶುರು ಮಾಡಿ. ಅವನ ಚಿತ್ರಗಳಿಗೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಹಲವು ಉಚಿತವಾಗಿ ಸಿಗುತ್ತವೆ. ದೊಡ್ಡದು ಮಾಡಿ ನೋಡಿ, ಕೋಟಿನ ಮೇಲಿನ ಗೀರುಗಳೂ ಒಂದೊಂದಾಗಿ ಕಾಣುತ್ತವೆ.