ಟೆಸ್ಟಿಂಗ್ ಬಿಟ್ಟು ಪೇಟೆಂಟ್ ಬರೆಯಲು ಕೂತ ಮೇಲೆ

ಒಂಬತ್ತು ವರ್ಷ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಈಗ ಪೇಟೆಂಟ್ ಏಜೆಂಟ್. ಯಾರಾದರೂ ಹೊಸದೇನನ್ನೋ ಕಂಡುಹಿಡಿದರೆ ಅದು ನಿಜಕ್ಕೂ ಹೊಸದಾ ಅಂತ ಹುಡುಕಿ ನೋಡುತ್ತೇನೆ. ಹೊಸದಾಗಿದ್ದರೆ ಕಾನೂನು ಒಪ್ಪುವ ಹಾಗೆ ಅದನ್ನು ಬರೆಯುತ್ತೇನೆ. ಆಮೇಲೆ ಪೇಟೆಂಟ್ ಕಚೇರಿ ಎತ್ತುವ ಆಕ್ಷೇಪಗಳಿಗೆ ಉತ್ತರ ಕೊಡುತ್ತೇನೆ. ಐಟಿ ಬಿಟ್ಟು ಬೇರೇನಾದರೂ ಮಾಡಬೇಕು ಅನ್ನುವ ಗೆಳೆಯರು ತೋಟದ ಮಾತಾಡುತ್ತಾರೆ, ಕೆಫೆಯ ಮಾತಾಡುತ್ತಾರೆ. ಈ ದಾರಿ ಇದೆ ಅಂತ ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ನಾನೂ ಕೇಳಿರಲಿಲ್ಲ.

ಗೊತ್ತಾಗಿದ್ದು ಒಂದು ಮೀಟಿಂಗಿನಲ್ಲಿ. ನಮ್ಮ ತಂಡದ ಒಬ್ಬರು ಬ್ಯಾಟರಿ ಉಳಿಸುವ ಒಂದು ವಿಧಾನ ಹುಡುಕಿದ್ದರು. ಕಂಪನಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಲು ಹೊರಟಿತ್ತು. ಟೆಸ್ಟ್ ಮಾಡಿದ್ದು ನಾನಾದ್ದರಿಂದ ನನ್ನನ್ನೂ ಕರೆದರು. ಅರ್ಜಿ ಬರೆಯಲು ಬಂದಿದ್ದವರು ಎರಡು ಗಂಟೆ ಬರೀ ಪ್ರಶ್ನೆ ಕೇಳಿದರು. ಈ ಹಂತ ತೆಗೆದರೂ ಕೆಲಸ ಮಾಡುತ್ತದಾ? ಸೆನ್ಸರ್ ಬೇರೆ ಕಡೆ ಇದ್ದರೆ? ಒಂದರ ಬದಲು ಎರಡಿದ್ದರೆ? ನಾನು ದಿನಾ ಟೆಸ್ಟ್ ಕೇಸ್ ಬರೆಯುವಾಗ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳೇ ಇವು. ಮೀಟಿಂಗ್ ಮುಗಿದ ಮೇಲೆ ಅವರನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ, ಈ ಕೆಲಸಕ್ಕೆ ಏನು ಓದಬೇಕು ಅಂತ ಕೇಳಿದೆ. "ಇಂಜಿನಿಯರಿಂಗ್ ಮುಗಿಸಿದ್ದೀರಲ್ಲ, ಒಂದು ಪರೀಕ್ಷೆ ಬರೆಯಿರಿ" ಅಂದರು.

ಅದು ನಿಜವೇ. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಇಲ್ಲವೇ ಇಂಜಿನಿಯರಿಂಗ್, ತಂತ್ರಜ್ಞಾನದ ಪದವಿ ಇರಬೇಕು. ಎಲ್‌ಎಲ್‌ಬಿ ಬೇಡ. ಕೋರ್ಟಿನಲ್ಲಿ ವಾದ ಮಾಡಲು ವಕೀಲರೇ ಬೇಕು. ಆದರೆ ಪೇಟೆಂಟ್ ಕಚೇರಿಯ ಮುಂದಿನ ಕೆಲಸಕ್ಕೆ ಏಜೆಂಟ್ ಸಾಕು. ಪರೀಕ್ಷೆಯಲ್ಲಿ 100 ಅಂಕಗಳ ಎರಡು ಪೇಪರ್, 50 ಅಂಕಗಳ ಸಂದರ್ಶನ. ಒಂದೊಂದು ಪೇಪರಿನಲ್ಲೂ ಕನಿಷ್ಠ 50 ಬರಬೇಕು, ಒಟ್ಟು 60 ಪರ್ಸೆಂಟ್ ದಾಟಬೇಕು. ಮೊದಲ ಪೇಪರ್ ಕಾನೂನು. ಎರಡನೆಯದು ಬರೆಯುವ ಕೈಯನ್ನು ನೋಡುತ್ತದೆ. ಒಂದು ಆವಿಷ್ಕಾರದ ವಿವರ ಕೊಟ್ಟು ಕ್ಲೇಮ್, ಅಂದರೆ ಹಕ್ಕು ಎಲ್ಲಿಯವರೆಗೆ ಅಂತ ಹೇಳುವ ವಾಕ್ಯ, ಬರೆಯಿರಿ ಅನ್ನುತ್ತಾರೆ.

ಮೊದಲ ಸಲ ಎರಡನೇ ಪೇಪರಿನಲ್ಲಿ ನನಗೆ 46 ಬಂತು. ಈ ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುವುದಿಲ್ಲ. ಹಾಗಾಗಿ ಕಾಯುವ ಕಾಲ ಉದ್ದವಾಯಿತು. ಆಗ ಕೆಲಸ ಬಿಟ್ಟುಬಿಟ್ಟಿದ್ದೆ. ಇದನ್ನು ಓದುವವರಿಗೆ ಬಿಡಿಸಿ ಹೇಳಬೇಕು: ಪರೀಕ್ಷೆ ಪಾಸಾಗುವ ಮೊದಲು ಕೆಲಸ ಬಿಡಬೇಡಿ. ಕಾನೂನಿನ ಭಾಗವನ್ನು ರಾತ್ರಿ ಎರಡು ಗಂಟೆ, ವಾರದ ಕೊನೆಯಲ್ಲಿ ಇನ್ನಷ್ಟು ಅಂತ ಕೂತು ಓದಲು ಆಗುತ್ತದೆ. ಪೇಟೆಂಟ್, ಕಾಪಿರೈಟ್ ಥರದ ಹಕ್ಕುಗಳನ್ನು ನೋಡಿಕೊಳ್ಳುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಆರಂಭಿಕ ಆನ್‌ಲೈನ್ ಕೋರ್ಸ್ ಉಚಿತ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಬೌದ್ಧಿಕ ಆಸ್ತಿ ಹಕ್ಕುಗಳ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಪರೀಕ್ಷೆ ಇಲ್ಲದೆಯೂ ಒಳಗೆ ಬರುವ ಬಾಗಿಲು ಒಂದಿದೆ. ಹಳೆಯ ಪೇಟೆಂಟ್‌ಗಳನ್ನು ಹುಡುಕಿ ವರದಿ ಕೊಡುವ ಅನಲಿಸ್ಟ್ ಕೆಲಸ ಅದು. ನಾನು ಕಾಯುವ ಕಾಲದಲ್ಲಿ ಅದನ್ನೇ ಹಿಡಿದೆ. ಸಂಬಳ ಹಿಂದಿನದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಮನೆ ಸಾಲದ ಕಂತು, ಮಗಳ ಸ್ಕೂಲ್ ಫೀಸು ಎಲ್ಲ ಇತ್ತು. ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತಿದ್ದರಿಂದ ನಿಂತುಕೊಂಡೆವು.

ಆದರೆ ಹುಡುಕುವ ಆ ಕೆಲಸದಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಜಗತ್ತಿನ ಪೇಟೆಂಟ್‌ಗಳನ್ನೆಲ್ಲ ವರ್ಗ ಮಾಡಿ ಇಟ್ಟಿದ್ದಾರೆ. ಅಡಿಕೆ ಸುಲಿಯುವ ಯಂತ್ರ ಬೇಕಾದರೆ ಎ23ಎನ್ ಅನ್ನುವ ವರ್ಗಕ್ಕೆ ಹೋಗಬೇಕು. ಗಟ್ಟಿ ಸಿಪ್ಪೆಯ ಕಾಯಿಗಳನ್ನು ಸುಲಿಯುವ, ಒಡೆಯುವ ಯಂತ್ರಗಳು ಅಲ್ಲಿವೆ. ಅಡಿಕೆ ಮರ ಹತ್ತುವ ಸಾಧನ ಎಲ್ಲಿರಬೇಕು ಹೇಳಿ? ಕೃಷಿಯಲ್ಲಿ ಅಲ್ವಾ ಅಂತ ನಾನೂ ಅಲ್ಲೇ ಹುಡುಕುತ್ತಿದ್ದೆ. ಮರ, ಕಂಬ ಹತ್ತುವ ಸಾಧನಗಳಿಗೆ ಎ63ಬಿ ಅನ್ನುವ ವರ್ಗದಲ್ಲಿ ಜಾಗ ಇದೆ. ಅದು ವ್ಯಾಯಾಮ, ಕ್ರೀಡಾ ಸಲಕರಣೆಗಳ ವರ್ಗ. ಇದು ಗೊತ್ತಿಲ್ಲದಿದ್ದರೆ ಹತ್ತು ದಿನ ಹುಡುಕಿದರೂ ಸಿಗಬೇಕಾದ್ದು ಸಿಗುವುದಿಲ್ಲ.

ಇನ್ನು ಕ್ಲೇಮ್. ಪೇಟೆಂಟಿನ ಜೀವ ಇರುವುದು ಅಲ್ಲಿ. ಚಿತ್ರ, ವಿವರಣೆ ಎಷ್ಟೇ ಪುಟ ಇರಲಿ, ಹಕ್ಕಿನ ಬೇಲಿ ಕ್ಲೇಮಿನಲ್ಲಿ ಬರೆದಷ್ಟೇ. ಒಂದು ಕ್ಲೇಮ್ ಅಂದರೆ ಒಂದೇ ವಾಕ್ಯ, ಅದು ಅರ್ಧ ಪುಟವಾದರೂ ಸರಿ. 'ಕಂಪ್ರೈಸಿಂಗ್' ಅಂತ ಬರೆದರೆ ಇವಿಷ್ಟೂ ಇವೆ, ಇನ್ನೇನಾದರೂ ಇದ್ದರೂ ಇರಬಹುದು ಅಂತ ಅರ್ಥ. 'ಕನ್ಸಿಸ್ಟಿಂಗ್ ಆಫ್' ಅಂದರೆ ಇವಿಷ್ಟೇ. ಈ ಎರಡರ ನಡುವೆ ಒಬ್ಬರ ಹಲವು ವರ್ಷಗಳ ದುಡಿಮೆ ಕೈತಪ್ಪಬಹುದು. ನಾನು ಬರೆದ ಮೊದಲ ಡ್ರಾಫ್ಟಿನಲ್ಲಿ 'ಸ್ಟೀಲಿನ ರೋಲರ್' ಅಂತ ಇತ್ತು. ಹಿರಿಯರು ಪೆನ್ಸಿಲಿನಲ್ಲಿ ಸುತ್ತು ಹಾಕಿ, "ನಾಳೆ ಯಾರಾದರೂ ರಬ್ಬರಿನಲ್ಲಿ ಮಾಡಿದರೆ?" ಅಂತ ಕೇಳಿದರು. ರೋಲರ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕೂ ಆವಿಷ್ಕಾರಕ್ಕೂ ಸಂಬಂಧವೇ ಇರಲಿಲ್ಲ. ನಾನು ಸುಮ್ನೆ ಬರೆದಿದ್ದ ಒಂದು ಪದದಿಂದ ಬೇಲಿ ಒಳಗೆ ಸರಿದುಬಿಟ್ಟಿತ್ತು.

ಐಟಿಯಿಂದ ಬಂದವರಿಗೆ ಬೇಗ ಎದುರಾಗುವುದು 3ನೇ ಸೆಕ್ಷನ್ನಿನ 'ಕೆ' ಕಲಮು. ಗಣಿತದ ವಿಧಾನ, ವ್ಯವಹಾರದ ವಿಧಾನ, ಆಲ್ಗರಿದಂ, 'ಪರ್ ಸೆ' ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಬರೀ ಪ್ರೋಗ್ರಾಂ, ಇವಕ್ಕೆ ಭಾರತದಲ್ಲಿ ಪೇಟೆಂಟ್ ಇಲ್ಲ. ಆ 'ಬರೀ' ಅನ್ನುವ ಪದದ ಸುತ್ತಲೇ ಅರ್ಧ ಚರ್ಚೆ ನಡೆಯುತ್ತದೆ. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಪ್ರೋಗ್ರಾಂ ಇದೆ ಅನ್ನುವ ಒಂದೇ ಕಾರಣಕ್ಕೆ ಆವಿಷ್ಕಾರವನ್ನು ತಳ್ಳಿಹಾಕಬಾರದು, ತಾಂತ್ರಿಕ ಪರಿಣಾಮ ಏನು ಅಂತ ನೋಡಬೇಕು ಅಂದಿತು. ಕೋಡ್ ಒಳಗೆ ಏನು ನಡೆಯುತ್ತದೆ, ಅದರಿಂದ ಯಂತ್ರದಲ್ಲಿ ಏನು ಬದಲಾಗುತ್ತದೆ ಅಂತ ಬಿಡಿಸಿ ಹೇಳಲು ಬಂದವರು ಇಲ್ಲಿ ನಿಜವಾಗಿ ಬೇಕು. ಅರ್ಜಿಯನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರ ಮೊದಲ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು ಸಮಯ ಇರುತ್ತದೆ. ಆ ವರದಿ ನನಗೆ ಈಗಲೂ ಟೆಸ್ಟಿಂಗಿನಲ್ಲಿ ತಪ್ಪುಗಳನ್ನು ಬರೆದಿಡುವ ಬಗ್ ರಿಪೋರ್ಟ್ ಹಾಗೆಯೇ ಕಾಣುತ್ತದೆ. ಒಂದೊಂದೇ ಆಕ್ಷೇಪ ಎತ್ತಿಕೊಂಡು, ಅದು ಎಲ್ಲಿ ಸರಿ, ಎಲ್ಲಿ ಸರಿಯಿಲ್ಲ ಅಂತ ಪುಟ, ಸಾಲು ತೋರಿಸಿ ಬರೆಯಬೇಕು.

ನಮ್ಮ ಊರ ಕಡೆಯವರಿಗೆ ಬೇಕಾದ ಒಂದು ಮಾತನ್ನು ಇಲ್ಲೇ ಹೇಳುತ್ತೇನೆ. ಯಂತ್ರ ಮಾಡಿದ ಖುಷಿಗೆ ಮೊದಲು ಕೃಷಿ ಮೇಳದಲ್ಲಿ ಓಡಿಸಿ ತೋರಿಸುತ್ತಾರೆ, ಯೂಟ್ಯೂಬಿಗೆ ವಿಡಿಯೋ ಹಾಕುತ್ತಾರೆ, ಆಮೇಲೆ ಪೇಟೆಂಟ್ ಕೇಳಿಕೊಂಡು ಬರುತ್ತಾರೆ. ಅರ್ಜಿಗೆ ಮೊದಲೇ ಎಲ್ಲರಿಗೂ ಗೊತ್ತಾದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ವಿನಾಯಿತಿ ಇದೆ, ಎಲ್ಲ ಮೇಳಕ್ಕೂ ಇಲ್ಲ. ಹೀಗೆ ಮೂವರನ್ನು ವಾಪಸ್ ಕಳಿಸಬೇಕಾಗಿ ಬಂತು. ಅವತ್ತೆಲ್ಲ ಮನಸ್ಸಿಗೆ ಸಮಾಧಾನ ಇರಲಿಲ್ಲ. ಮೊದಲು ತಾರೀಕು ಹಿಡಿದಿಟ್ಟುಕೊಳ್ಳಲು ತಾತ್ಕಾಲಿಕ ಅರ್ಜಿ ಅಂತ ಒಂದಿದೆ. ಪೂರ್ತಿ ವಿವರ ಕೊಡಲು ಆಮೇಲೆ 12 ತಿಂಗಳು ಸಿಗುತ್ತದೆ. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 1600 ರೂಪಾಯಿ. ಮೇಳಕ್ಕೆ ಹೋಗುವ ಹಿಂದಿನ ದಿನ ಇದಿಷ್ಟು ಮಾಡಿದ್ದರೂ ಸಾಕಿತ್ತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಏಜೆಂಟರ ಹತ್ತಿರ ಬರುವ ಮೊದಲು ಅಲ್ಲಿ ವಿಚಾರಿಸಬಹುದು.

ಎರಡನೇ ಸಲ ಪರೀಕ್ಷೆ ಪಾಸಾಯಿತು. ಈಗ ಕಂಪನಿಗಳ ಕೆಲಸವೇ ಹೆಚ್ಚು, ಮನೆ ನಡೆಯುವುದು ಅದರಿಂದ. ಆದರೆ ನನ್ನನ್ನು ಈ ಕೆಲಸದಲ್ಲಿ ಹಿಡಿದಿಟ್ಟಿದ್ದು ಬೇರೆ. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ. ವರ್ಕ್‌ಶಾಪಿನಲ್ಲಿ ಕೂತು ಯಂತ್ರ ಮಾಡಿದವರು ಯೋಚಿಸಿದ್ದು ಕನ್ನಡದಲ್ಲಿ. ಅವರ ಹಕ್ಕು ಇರುವ ಆ ಒಂದು ವಾಕ್ಯವನ್ನು ಅವರೇ ಓದಲಾರರು. ಹಾಗಾಗಿ ಅರ್ಜಿ ಹಾಕುವ ಮೊದಲು ನಾನು ಕ್ಲೇಮನ್ನು ಕನ್ನಡದಲ್ಲಿ, ಒಂದೊಂದು ಭಾಗವಾಗಿ, ಅವರಿಗೆ ಓದಿ ಹೇಳುತ್ತೇನೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ.

ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಶಿರಸಿ ಕಡೆಯ ಒಬ್ಬರ ಅಡಿಕೆ ಸುಲಿಯುವ ಯಂತ್ರದ ಅರ್ಜಿ ಈಗ ಪ್ರಕಟವಾಗಿದೆ, ಅದಕ್ಕೇ ಇದನ್ನು ಹೇಳಬಹುದು. ಫೋನಿನಲ್ಲಿ ಓದುತ್ತಿದ್ದೆ: ಎರಡು ರೋಲರ್ ನಡುವೆ ಅಡಿಕೆಯನ್ನು ಒತ್ತಿ ಸಿಪ್ಪೆ ಬಿಡಿಸುವುದು. ಅವರು ತಡೆದರು. "ಒತ್ತುವುದಲ್ಲ ಮಾರಾಯ್ರೆ, ಒತ್ತಿದರೆ ಅಡಿಕೆ ಒಡೆಯುತ್ತದೆ. ಒಂದು ರೋಲರ್ ನಿಧಾನ, ಒಂದು ಜೋರು. ಉಜ್ಜಿ ಬಿಡಿಸುವುದು." ಸಂಜೆ ಏಳಾಗಿತ್ತು. ಕ್ಲೇಮ್ ಪೂರ್ತಿ ಅಳಿಸಿ, ಎರಡು ರೋಲರಿನ ವೇಗದ ವ್ಯತ್ಯಾಸವನ್ನೇ ನಡುವಿಗೆ ತಂದು ಮತ್ತೆ ಬರೆದೆ. ಹನ್ನೊಂದು ಗಂಟೆಗೆ ಫೋನ್ ಮಾಡಿ ಮತ್ತೆ ಓದಿದೆ. ಕೊನೆಯವರೆಗೂ ಕೇಳಿ, "ಹಾಂ, ಇದು ನನ್ನದು" ಅಂದರು.